ಹೆಲ್ಸಿಂಕಿಯಲ್ಲಿ ಒಂದೇ ಮಂಚ

ಕಟ್ಟಿಕೊಂಡ ಗಂಡನೇ ಟೋಕಿಯೊದ ನರಿಟಾ ಏರ್‌ಪೋರ್ಟಿನಲ್ಲಿ ತನಗೆ ಬಾಗಿ ನಮಸ್ಕರಿಸಿದ್ದನ್ನು ಹರ್ಷಿಣಿ ಇನ್ನೂ ಮರೆತಿರಲಿಲ್ಲ.

ಮದುವೆಯಾದ ವಾರಕ್ಕೇ ಗಿರಿಧರ್ ಟೋಕಿಯೊ ಆಫೀಸಿಗೆ ವಾಪಸ್ ಬಂದಿದ್ದ. ಇವಳ ವೀಸಾ ಕೈಗೆ ಬರುವಷ್ಟರಲ್ಲಿ ಮೈಸೂರಿನಲ್ಲಿ ದಸರಾ ಹೋಗಿ ದೀಪಾವಳಿಯೂ ಮುಗಿದಿತ್ತು. ಅಷ್ಟು ಕಾದು, ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರೆ... ಎದುರಿಗೆ ಅವನು!

ಎದೆ ಢವಢವ. ಎಲ್ಲರ ಮುಂದೆ ಅಪ್ಪಿಕೊಂಡೇಬಿಟ್ಟರೆ ಏನಪ್ಪಾ ಗತಿ ಅಂತ ಅವಳು ನಾಚಿಕೊಳ್ಳುತ್ತಿರುವಾಗಲೇ, ಆ ಪುಣ್ಯಾತ್ಮ ಎರಡೂ ಕೈ ತೊಡೆಗೆ ಅಂಟಿಸಿಕೊಂಡು ಸೊಂಟದಿಂದ ಬಾಗಿದ. ಥೇಟ್ ಕ್ಲೈಂಟ್‌ಗೆ ಬಾಗುವ ಹಾಗೆ!

"ಪ್ರಯಾಣ ಆರಾಮಾಗಿತ್ತಾ? ಬ್ಯಾಗ್ ಇಲ್ಲಿ ಕೊಡಿ."

ಅವತ್ತಿನಿಂದ ಗ್ಯೋಟೋಕು ಬಡಾವಣೆಯ ಆ ಪುಟ್ಟ ಫ್ಲ್ಯಾಟಿನಲ್ಲಿ ಇದೇ ಮರ್ಯಾದೆ. ಕಾಫಿ ಮಾಡಿಕೊಡುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ. ರಾತ್ರಿಯಾದರೆ ಚಾಪೆಯ ನೆಲದ ಮೇಲೆ ಎರಡು ಫುಟಾನ್ ಹಾಸಿಗೆ, ಒಂದು ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ನಡುವೆ ಬೇಕಾದರೆ ನೆಂಟರೊಬ್ಬರು ಆರಾಮಾಗಿ ಮಲಗಬಹುದಿತ್ತು.

ಅಂಥವನು ಜನವರಿಯಲ್ಲಿ ಒಂದು ಸಂಜೆ ಹೇಳಿದ, "ಮುಂದಿನ ತಿಂಗಳು ಹೆಲ್ಸಿಂಕಿಗೆ ಹೋಗ್ಬೇಕು. ಸ್ವಲ್ಪ ಆಫೀಸ್ ಕೆಲಸ, ಆಮೇಲೆ ರಜ ಹಾಕ್ತೀನಿ. ನೀವೂ ಬನ್ನಿ... ಹೋಟೆಲ್ ನೀವೇ ಆರಿಸಿ."

ಹರ್ಷಿಣಿಯ ಮನಸ್ಸು ಒಂದೇ ಸಲ ಅರಳಿತು. 'ಇದು ನಮ್ಮ ಹನಿಮೂನ್! ಅಲ್ಲೂ ಹತ್ತಿರ ಆಗದೆ ಹೋದರೆ ನಾವಿಬ್ಬರೂ ಜೀವನಪೂರ್ತಿ ಒಂದೇ ಮನೆಯ ಬಾಡಿಗೆದಾರರು, ಅಷ್ಟೇ...'

ಹಾಗಾಗಿ ಅವಳು ಹೋಟೆಲ್ ಹುಡುಕಿದ್ದು ಗಂಡು ಹುಡುಕಿದಷ್ಟು ಶ್ರದ್ಧೆಯಿಂದ. ರೈಲ್ವೆ ಸ್ಟೇಷನ್ ಪಕ್ಕದ್ದು ಓಡಾಟಕ್ಕೆ ಅನುಕೂಲ, ಆದರೆ ರೂಮು ಆಸ್ಪತ್ರೆಯ ಹಾಗೆ. ಇನ್ನೊಂದರಲ್ಲಿ ಸೌನಾ ಅನ್ನೋ ಹಬೆಮನೆ ಚೆಂದ, ಕಿಟಕಿ ಮಾತ್ರ ಪಕ್ಕದ ಗೋಡೆಗೆ. ಚಳಿಗಾಲದಲ್ಲಿ ಅಲ್ಲಿ ಬೇಗ ಕತ್ತಲಾಗುತ್ತದಂತೆ, ರೂಮಿನಲ್ಲೇ ಹೆಚ್ಚು ಹೊತ್ತು ಕಳೆಯಬೇಕು. ಕಿಟಕಿ ಮುಖ್ಯವಲ್ಲವೇ?

ಕೊನೆಗೆ ಸಿಕ್ಕಿತು! ಬಂದರಿನ ಪಕ್ಕದ ಹಳೇ ಕಟ್ಟಡ, ಮೇಲಿನ ಮಹಡಿ, ಇಳಿಜಾರು ಸೂರು. ಕಿಟಕಿಯಾಚೆ ಹೆಪ್ಪುಗಟ್ಟಿದ ಸಮುದ್ರ. ಒಳಗೆ ಒಂದೇ ಒಂದು ಅಗಲವಾದ ಮಂಚ.

ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ ಉಸಿರು ಬಿಗಿಹಿಡಿದು ಕೂತಳು.

ಗಿರಿಧರ್ ಫೋಟೋ ನೋಡಿದ. ಕಿವಿ ಕೆಂಪಾಯಿತು.

"ತುಂಬಾ ಚೆನ್ನಾಗಿದೆ... ಇದರಲ್ಲಿ ಟ್ವಿನ್ ರೂಮ್ ಇಲ್ವಾ? ಎರಡು ಮಂಚ ಇರೋದು?"

ಹರ್ಷಿಣಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಸ್ಟೇಷನ್ ಹತ್ತಿರದ ಹೋಟೆಲಲ್ಲಿದೆ. ನೀವೊಬ್ಬರೇ ಹೋಗಿಬನ್ನಿ. ಎರಡೂ ಮಂಚ ನಿಮಗೇ ಆಗುತ್ತೆ!"

ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಾಲ್ಕನಿಗೆ ಹೋದಳು. ಎದುರು ಕಟ್ಟಡದ ತುಂಬ ಬಿಸಿಲಿಗೆ ಹಾಕಿದ ಹಾಸಿಗೆಗಳು. ಇಲ್ಲೂ ಕಂಬಿಯ ಮೇಲೆ ಹಾಕಿದ್ದ ತನ್ನ ಫುಟಾನನ್ನು ಎಳೆದುಕೊಂಡು ಅದರಲ್ಲೇ ಕಣ್ಣೊರೆಸಿದಳು. ಒಳಗೆ ತಂದು ಎಂದಿನಂತೆ ಈ ಗೋಡೆಗೆ ಹಾಕಿದಳು. ಹಿಂದೆಯೇ ಅವನು ತನ್ನದನ್ನು ಹೊತ್ತು ತಂದು, ಎಂದಿನಂತೆ ಆ ಗೋಡೆಗೆ ಹಾಕಿದ.

ಅವಳಿಗೆ ತಡೆಯಲಾಗಲಿಲ್ಲ.

"ನಾನು ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡಿ ರೀ. ಹೀಗೆ ದೂರ ಇಟ್ಟು ಸಾಯಿಸ್ಬೇಡಿ!"

ಗಿರಿಧರ್ ಬೆಪ್ಪಾಗಿ ನಿಂತ.

"ನಾನಾ ದೂರ ಇಟ್ಟಿದ್ದು? ನೀವು ಬಂದ ದಿನ ಎರಡನ್ನೂ ಜೋಡಿಸಿಯೇ ಹಾಸಿದ್ದೆ ಹರ್ಷಿಣಿ! ನಾನು ಹಲ್ಲುಜ್ಜಿ ಬರೋಷ್ಟರಲ್ಲಿ ನೀವು ನಿಮ್ಮದನ್ನ ಗೋಡೆ ಹತ್ರ ಎಳ್ಕೊಂಡು, ಆ ಕಡೆ ತಿರುಗಿ ಮಲಗಿಬಿಟ್ಟಿದ್ರಿ. ಪಾಪ, ಟೈಮ್ ಬೇಕೇನೋ, ಕೇಳಿ ಮುಜುಗರ ಮಾಡೋದು ಬೇಡ ಅಂತ ಸುಮ್ಮನಾದೆ..."

ಹರ್ಷಿಣಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ದೇವ್ರೇ... ಎಸಿ ರೀ!"

"ಏನು?"

"ಚಳಿಗೆ ಅಂತ ಹಾಕಿದ್ದ ಆ ಎಸಿಯ ಬಿಸಿಗಾಳಿ ನೇರ ನನ್ನ ಮುಖಕ್ಕೇ ಹೊಡೀತಿತ್ತು! ರಿಮೋಟ್ ತುಂಬ ಜಪಾನಿ ಅಕ್ಷರ. ಯಾವ ಬಟನ್ ಒತ್ತಿದ್ರೆ ಏನಾಗುತ್ತೋ ಅಂತ ನಾನೇ ಸರ್ಕೊಂಡೆ. ವಿಮಾನದ ಸುಸ್ತು, ನಿದ್ದೆ ಬಂದುಬಿಡ್ತು. ಮಾರನೇ ದಿನ ನೋಡಿದ್ರೆ ನೀವೇ ದೂರ ಹಾಸಿದ್ರಿ. ಹತ್ತಿರ ಹಾಸಿ ಅಂತ ನಾನು ಹೇಗೆ ಹೇಳ್ಲಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ನಕ್ಕಿದ್ದು ಅವನೇ ಮೊದಲು. ನಗುತ್ತಲೇ ಅವನ ಕಣ್ಣು ತುಂಬಿ ಬಂತು.

"ಮತ್ತೆ ಏರ್‌ಪೋರ್ಟಲ್ಲಿ ಬಾಗಿದ್ದು?" ಅವಳು ಬಿಡಲಿಲ್ಲ.

"ಗಾಬರಿ! ನಿನ್ನ ನೋಡಿ ಮಾತೇ ಹೊರಡಲಿಲ್ಲ. ಇಲ್ಲಿ ಏನ್ ಮಾಡ್ಬೇಕು ಅಂತ ತೋಚದಿದ್ರೆ ಬಾಗೋದು ಅಭ್ಯಾಸ ಆಗ್ಬಿಟ್ಟಿದೆ. ಮನೆ ಬರೋವರೆಗೂ ನನ್ನನ್ನ ನಾನೇ ಬೈಕೊಂಡೆ." ಅವನ ದನಿ ತಗ್ಗಿತು. "ಇಷ್ಟ ಇಲ್ಲ ಅಂದ್ಯಲ್ಲ... ನಿನ್ನ ವೀಸಾ ಬರೋವರೆಗೂ ನಾನು ಹೇಗಿದ್ದೆ ಅಂತ ನನಗೊಬ್ಬನಿಗೇ ಗೊತ್ತು. ನಿನ್ನ ಪ್ರೀತಿಸ್ತೀನಿ ಹರ್ಷಿಣಿ."

ಅವಳು ಬಗ್ಗಿ ತನ್ನ ಫುಟಾನನ್ನು ಎಳೆದು ಅವನದಕ್ಕೆ ಅಂಚಿಗೆ ಅಂಚು ಸೇರಿಸಿದಳು. ಅವನು ರಿಮೋಟ್ ತೆಗೆದು ಎಸಿಯ ಗಾಳಿಯನ್ನು ಸೂರಿನ ಕಡೆ ತಿರುಗಿಸಿದ.

ಇನ್ನೂ ಬಿಸಿಲ ಬಿಸಿಯಿದ್ದ ಹಾಸಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಲ್ಯಾಪ್‌ಟಾಪಿನಲ್ಲಿ ಬಂದರಿನ ಹೋಟೆಲನ್ನು ಮತ್ತೆ ತೆರೆದರು. ವಿವರ ಓದುತ್ತಿದ್ದ ಗಿರಿಧರ್ ತಟ್ಟನೆ ಓದು ನಿಲ್ಲಿಸಿದ.

"ಒಂದು ತೊಂದರೆ ಇದೆ. ಮಂಚ ಒಂದೇ ಆದ್ರೂ ಇಬ್ಬರಿಗೂ ಬೇರೆ ಬೇರೆ ಹೊದಿಕೆ ಕೊಡ್ತಾರಂತೆ. ಅಲ್ಲಿ ಅದೇ ಪದ್ಧತಿಯಂತೆ."

"ಒಂದನ್ನ ವಾಪಸ್ ಕೊಟ್ಬಿಡಿ."

"ಏನಂತ ಹೇಳಿ ಕೊಡ್ಲಿ?"

"ಸೊಂಟದಿಂದ ಬಾಗಿ, ಕ್ಷಮಿಸಿ ಅಂತ ಜಪಾನಿಯಲ್ಲೇ ಸುಮಿಮಾಸೆನ್ ಅನ್ನಿ. ನಿಮಗೆ ಚೆನ್ನಾಗಿ ಬರುತ್ತಲ್ಲ!"

ಅವನು ನಗುತ್ತಾ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಅಲ್ಲಿ ವಿಪರೀತ ಚಳಿ ಕಣೇ. ಒಂದೇ ಹೊದಿಕೆ ಸಾಲಲ್ಲ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಗೊತ್ತು ರೀ... ಅದಕ್ಕೇ."