ಎಡಗಾಲಿನ ದುರ್ಗವ್ವ

ಕುಡುಗೋಲಿನ ತುದಿ ನನ್ನ ಕುತ್ತಿಗೆಗೆ ತಾಗಿತು. ತಣ್ಣಗಿತ್ತು.

ನಾನು ಅಲುಗಾಡಲಿಲ್ಲ. ನೀವಾದರೂ ಅಲುಗಾಡುತ್ತಿರಲಿಲ್ಲ!

ಎರಡು ಸಾವಿರದ ಮೂರರ ಮಾತು. ಅಮೀನಗಡದ ಹೆದ್ದಾರಿ ಪಕ್ಕದ ಗೋದಾಮು. ಮಟಮಟ ಮಧ್ಯಾಹ್ನ. ಬಾಗಿಲಲ್ಲಿ ಟೆಂಪೋ ಗುರುಗುಡುತ್ತ ನಿಂತಿತ್ತು. ಅದರೊಳಗೆ ಕರದಂಟಿನ ಡಬ್ಬಿಗಳು. ಅವುಗಳ ನಡುವೆ ಗೋಣಿತಾಟು ಸುತ್ತಿಕೊಂಡು ಮಲಗಿದ್ದಳು... ಗುಡೂರಿನ ಹೊಲದ ದುರ್ಗವ್ವ.

"ಹುಚ್ಚೇಶಣ್ಣ, ಕಳುವಾದ ಬೈಕ್ ಹುಡುಕೂದು ಬಿಟ್ಟು ದೇವರನ್ನ ಯಾವಾಗಿಂದ ಹುಡುಕಾಕ ಹತ್ತಿದಿ?"

ಮುತ್ತುರಾಜ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಕಲ್ಲಿನ ಬೊಂಬೆ ಮಾರುವವನು. ಇಸ್ತ್ರಿ ಮುರಿಯದ ಬಿಳಿ ಅಂಗಿ. ಕುಡುಗೋಲು ಹಿಡಿದವನು ಅವನ ಆಳು.

"ಬೈಕಿಗೆ ನಂಬರ್ ಪ್ಲೇಟ್ ಇರ್ತೈತಿ," ಎಂದೆ. "ದೇವರು ಭಾಳ ತ್ರಾಸ್ ಕೊಡ್ತು ನೋಡಪಾ."

"ದೇವರು ಗುಡ್ಯಾಗ ಐತಲ್ಲೋ! ಪೂಜಿ ನಡದೈತಿ. ಇದು ನನ್ನ ಅಂಗಡಿ ಮಾಲು. ನಕಲು!"

ಗುಡಿಯಲ್ಲಿ ಒಂದು ದುರ್ಗವ್ವ ಇದ್ದದ್ದು ಖರೆ. ತೊಂದರೆ ಹುಟ್ಟಿದ್ದೇ ಅಲ್ಲಿ...

ಆ ದೇವಿಗೆ ವರ್ಷವಿಡೀ ಇಳಕಲ್ ಸೀರೆ. ಕೊರಳ ಕೆಳಗಿನ ಕಲ್ಲನ್ನು ಊರವರು ನೋಡುವುದೇ ಇಲ್ಲ. ಸೀರೆ ಉಡಿಸುವುದು, ಮುಟ್ಟುವುದು ಮುದುಕಿ ರಾಮವ್ವ ಒಬ್ಬಳೇ. ಹಿಂದಿನ ಮಂಗಳವಾರ ಆಕೆ ನಿರಿಗೆ ಹಿಡಿದು ಸಿಕ್ಕಿಸಿದಳು. ನಿಲ್ಲಲಿಲ್ಲ. ಮತ್ತೆ ಸಿಕ್ಕಿಸಿದಳು. ಜಾರಿತು!

"ಸೀರಿ ಕುಂದ್ರವಲ್ದು! ಇಕಿ ನಮ್ಮವ್ವ ಅಲ್ಲ!" ಎಂದು ಚೀರಿದಳು.

ಊರು ಆಕೆಯ ಕಡೆಗೇ ತಿರುಗಿತು. ಮುಟ್ಟುವವಳು ನೀನೊಬ್ಬಳೇ, ಹಾಗಾದರೆ ಮಾರಿದವಳು ಯಾರು? ಅಮಾವಾಸ್ಯೆಯೊಳಗೆ ದೇವಿ ಬರಬೇಕು. ಇಲ್ಲವಾದರೆ ನೀನು ಊರು ಬಿಡಬೇಕು.

ರಾಮವ್ವ ನನ್ನ ಬಾಗಿಲಿಗೆ ಬಂದಳು. ನಾನು ಮಹಾನಂದಾ ಮೇಡಂ ಬಾಗಿಲಿಗೆ ಹೋದೆ.

ಮೇಡಂ ಇಳಕಲ್ಲಿನಲ್ಲಿ ಕಲೆಯ ಇತಿಹಾಸ ಕಲಿಸುತ್ತಾರೆ. ಹಳ್ಳಿಹಳ್ಳಿಯ ಮೂರ್ತಿಗಳ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ, ಊರಿನ ಹೆಸರು ಸಮೇತ, ವಿದ್ಯಾರ್ಥಿಗಳಿಗೆಂದು ವೆಬ್‌ಸೈಟಿನಲ್ಲಿ ಹಾಕಿದ್ದರು. ಹಿಂದೊಮ್ಮೆ ರಾಮವ್ವನೇ ಸೀರೆ ಸರಿಸಿ ಅವರಿಗೆ ದುರ್ಗವ್ವನ ಫೋಟೋ ತೆಗೆಯಲು ಬಿಟ್ಟಿದ್ದಳು.

ಕಂಪ್ಯೂಟರಿನಲ್ಲಿ ದೇವಿ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿದು ಬಂದಳು. ಕಿರೀಟ... ತ್ರಿಶೂಲ... ಕೋಣನ ಮೇಲೆ ಎಡಗಾಲು.

ಮೇಡಂ ಬಿಳಿಚಿಕೊಂಡರು. "ಅಯ್ಯ! ಬಲಗಾಲು ಇರಬೇಕ್ರಿ. ಸ್ಲೈಡ್ ಉಲ್ಟಾ ಇಟ್ಟು ಸ್ಕ್ಯಾನ್ ಮಾಡೀನಿ..."

ಗುಡಿಯಲ್ಲಿ ರಾಮವ್ವನಿಂದ ಸೀರೆ ಸರಿಸಿಸಿ ನೋಡಿದೆ. ಕೋಣನ ಮೇಲೆ ಎಡಗಾಲು! ನಿರಿಗೆ ಜಾರಿದ್ದು ಇದಕ್ಕೇ. ಕಳ್ಳ ಈ ಫೋಟೋ ನೋಡಿಯೇ ನಕಲು ಕೆತ್ತಿಸಿದ್ದ. ಅಸಲನ್ನು ಎತ್ತಿ ಇದನ್ನಿಟ್ಟಿದ್ದ. ಇಳಕಲ್ಲಿನ ಸೈಬರ್ ಕೆಫೆಯಲ್ಲಿ ಆ ಫೋಟೋ ದೊಡ್ಡದಾಗಿ ಪ್ರಿಂಟ್ ತೆಗೆಸಿದವನ ಹೆಸರು ಸಿಕ್ಕಿತು. ಅವನ ಟೆಂಪೋದ ಬೆನ್ನು ಹತ್ತಿ ಇಲ್ಲಿಗೆ ಬಂದಿದ್ದೆ.

ಬಂದು ಕುಡುಗೋಲಿಗೆ ಸಿಕ್ಕಿದ್ದೆ.

"ನಕಲಾದ್ರ ಇಕೀದೂ ಎಡಗಾಲಽ ಇರಬೇಕಲ್ಲ ತಮ್ಮಾ?" ಎಂದೆ. "ಫೋಟೋದಾಗ ಹಂಗ ಐತಿ. ಆದ್ರ ಫೋಟೋ ಉಲ್ಟಾ! ತಾಟು ಬಿಚ್ಚು, ನೋಡೂಣು."

ಮುತ್ತುರಾಜನ ನಗು ಒಣಗಿತು.

"ಉಲ್ಟಾ ಅಂತ ಯಾರು ಹೇಳಿದ್ರು?" ದನಿ ಮೆತ್ತಗಿತ್ತು. "ಮೇಡಂ ಅಲ್ಲ?"



ಆಳು ತಾಟಿನ ಕಡೆ ನೋಡಿದ. ಕುಡುಗೋಲು ಒಂದು ಬೆರಳು ಸರಿಯಿತು. ಅಷ್ಟು ಸಾಕು!

ಮೊಣಕೈ ಅವನ ಮೂಗಿಗೆ. ಒಂದೇ ನೆಗೆತಕ್ಕೆ ಟೆಂಪೋ ಸೀಟಿಗೆ. ಗೇರ್!

ಹಿಂದೆ ಅವರ ಜೀಪು. ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು... ಇನ್ನೂ ದೊಡ್ಡದು...

ಅವತ್ತು ಕುರಿ ಸಂತೆ. ದಾರಿಯ ತುಂಬ ಕುರಿ. ಮುಂದೆ ಕಂಬಳಿ ಹೊದ್ದ ಮಾಳಪ್ಪ ಕಾಕಾ, ನನಗೆ ಗುರುತಿನವನು.

"ಕಾಕಾ! ಗುಡೂರ ದುರ್ಗವ್ವ ಗಾಡ್ಯಾಗ ಅದಾಳ! ಹಿಂದ ಕಳ್ಳರು!"

"ನೀ ಹೋಗಲೇ!"

ನನಗೆ ದಾರಿ ಬಿಟ್ಟ. ಆಮೇಲೆ "ಹುರ್ರ್..." ಎಂದ. ಕನ್ನಡಿಯಲ್ಲಿ ಬರೀ ಉಣ್ಣೆ! ಅದರಾಚೆ ಎಲ್ಲೋ ಹಾರ್ನ್ ಬಡಿದುಕೊಳ್ಳುತ್ತಿತ್ತು.

ಗುಡೂರಿನಲ್ಲಿ ಸೀರೆ ಒಂದೇ ಸಲಕ್ಕೆ ಕೂತಿತು. ಊರವರು ತಲೆ ತಗ್ಗಿಸಿ ನಿಂತಿದ್ದರು. ರಾಮವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮುತ್ತುರಾಜ ಮಾತ್ರ ಸಿಗಲಿಲ್ಲ.

"ವೆಬ್‌ಸೈಟ್ ತಗದು ಬಿಡ್ಲೇನ್ರಿ?" ಮೇಡಂ ಕೇಳಿದರು. "ಆದ್ರ ಹುಡುಗ್ರಿಗೆ ಓದಾಕ ಬ್ಯಾರೆ ಏನೂ ಇಲ್ಲ."

"ಇರ್ಲಿ ಬಿಡ್ರಿ. ಊರ ಹೆಸರು ಅಳಿಸ್ರಿ, ಎಲ್ಲಾ ಫೋಟೋನೂ ಉಲ್ಟಾ ಹಾಕ್ರಿ. ಖರೆ ಯಾವುದು ಅಂತ ಕ್ಲಾಸಿನ್ಯಾಗ ಹೇಳ್ರಿ. ಕಳ್ಳರು ಕ್ಲಾಸಿಗೆ ಬರೂದಿಲ್ಲ."

ಮೇಡಂ ನಗಲಿಲ್ಲ.

"ಬರ್ತಾರ... ಮುತ್ತುರಾಜ ನನ್ನ ವಿದ್ಯಾರ್ಥಿ. ಮೊದಲನೇ ಬೆಂಚು. ದುರ್ಗವ್ವನ ಸ್ಲೈಡ್ ತೋರಿಸಿದ ದಿನ ಒಂದಽ ಗೈರಿದ್ದ."

ಈಗ ಆ ಬೆಂಚಿನಲ್ಲಿ ನಾನು ಕೂಡುತ್ತೇನೆ... ಬೋರ್ಡಿಗೆ ಬೆನ್ನು, ಬಾಗಿಲಿಗೆ ಮುಖ.