ಪಶ್ಚಿಮಕ್ಕೆ ಹೊರಟ ಸೈಕಲ್

ಗುರುವಾರ ಬೆಳಿಗ್ಗೆ ಎಂಟೂವರೆಗೆ ಇಂದಿರಾನಗರ ಠಾಣೆಗೆ ಬಂದ ದೂರು ಮೊದಲ ಓದಿಗೆ ಸಾಮಾನ್ಯವಾಗಿತ್ತು. ಸೈಕಲ್ ಕಳವು. ಎರಡನೇ ಸಲ ಓದಿದಾಗ ಇನ್ಸ್‌ಪೆಕ್ಟರ್ ಶಾಂಭವಿಗೆ ತಲೆಬುಡ ತಿಳಿಯಲಿಲ್ಲ.

ದೂರುದಾರ ಮಧುಕರ್, ವಿಮಾನಪುರದ ಕಾರ್ಖಾನೆಯಿಂದ ನಿವೃತ್ತರಾದವರು. ಮರುದಿನ, ಶುಕ್ರವಾರ, ಪ್ಯಾರಿಸ್‌ಗೆ ವಿಮಾನ. ಸೈಕಲ್ಲಿನ ಚಕ್ರ, ಹ್ಯಾಂಡಲ್ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿ ನಡುಮನೆಯಲ್ಲಿ ನಿಲ್ಲಿಸಿದ್ದರು. ಎದ್ದು ನೋಡಿದರೆ ಪೆಟ್ಟಿಗೆ ಮಾಯ. ಬೀಗ ಮುರಿದಿಲ್ಲ. ಪಕ್ಕದ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಹಾಗೇ ಇದೆ. ಅದಕ್ಕೆ ಒರಗಿದ್ದ ಪಾಸ್‌ಪೋರ್ಟ್ ಕೂಡ.

"ಸೈಕಲ್ ತುಳಿಯಾಕ ಫ್ರಾನ್ಸಿಗ್ಯಾಕ್ ಹೋಗ್ಬೇಕ್ರಿ ಸರ?" ಎಂದು ಕೇಳಿದ ಕಾನ್‌ಸ್ಟೇಬಲ್ ಹುಲಿಗೆಪ್ಪ. ಕುಷ್ಟಗಿ ಕಡೆಯವನು. ಅನಿಸಿದ್ದನ್ನು ನುಂಗಿಕೊಳ್ಳುವ ಅಭ್ಯಾಸ ಅವನಿಗಿಲ್ಲ.

"ಅಲ್ಲಿ ಲುವಾರ್ ಅಂತ ಒಂದು ನದಿ ಇದೆ. ಅದರ ದಡದಲ್ಲೇ ದಾರಿ. ದ್ರಾಕ್ಷಿ ತೋಟ, ಸಣ್ಣ ಹಳ್ಳಿ, ನಡುನಡುವೆ ರಾಜರ ಕಾಲದ ಕೋಟೆ, ಅರಮನೆ. ಹಾರ್ನ್ ಸದ್ದೇ ಇಲ್ಲ. ನಮಗೇನೂ ರೇಸ್ ಇಲ್ಲ, ಬೇಕಾದಲ್ಲಿ ನಿಲ್ಲೋದು, ನೋಡೋದು, ಮತ್ತೆ ಹೊರಡೋದು. ಏಳು ವರ್ಷದ ಆಸೆ ಕಣ್ರೀ. ಈ ಸಲ ತಪ್ಪಿದ್ರೆ ಈ ಮಂಡಿ ಮುಂದಿನ ವರ್ಷ ಮಾತು ಕೇಳಲ್ಲ."

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಎದುರುಮನೆಯ ಸಿಸಿಟಿವಿ ನೋಡಿದಾಗ ಪಂಚರಿಬ್ಬರೂ ಮುಖಮುಖ ನೋಡಿಕೊಂಡರು. ಬೆಳಿಗ್ಗೆ ಆರಕ್ಕೆ ಪೆಟ್ಟಿಗೆಯ ಒಂದು ತುದಿ ಹಿಡಿದು ಆಟೊದತ್ತ ನಡೆಯುತ್ತಿದ್ದವನು ಬೀದಿ ಕೊನೆಯ ಸ್ಟ್ಯಾಂಡಿನ ಚಾಲಕ ಮುತ್ತಣ್ಣ. ಇನ್ನೊಂದು ತುದಿಗೆ ಕೈ ಕೊಟ್ಟಿದ್ದು ಮಧುಕರ್ ಅವರ ತಾಯಿ ಶೇಷಮ್ಮ. ವಯಸ್ಸು ಎಂಬತ್ತನಾಲ್ಕು.

"ಮೇಡಂ, ಅಜ್ಜೀನ ಅರೆಸ್ಟ್ ಮಾಡೂದೇನ್ರಿ?" ಹುಲಿಗೆಪ್ಪ ಪಿಸುಗುಟ್ಟಿದ.

ಶಾಂಭವಿಯ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಮಗನ ಸೈಕಲ್ ಕದ್ದ ತಾಯಿ ಸಿಕ್ಕಿರಲಿಲ್ಲ. ಮಗನನ್ನು ಹೊರಗೆ ಕೂರಿಸಿ ಅಡುಗೆಮನೆಗೆ ಹೋದಳು.

"ಅಮ್ಮ, ಪೆಟ್ಟಿಗೆ ಎಲ್ಲಿ?"

"ಎಲ್ಲಿರ್ಬೇಕೋ ಅಲ್ಲಿದೆ."

"ನಿಮ್ಮ ಮಗ ಕಂಪ್ಲೇಂಟ್ ಕೊಟ್ಟಿದ್ದಾರೆ. ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾಪಸ್ ತಂದುಬಿಡ್ತಾನಲ್ಲಮ್ಮ!" ಶೇಷಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾಳೆ ಶುಕ್ರವಾರ. ಪಶ್ಚಿಮಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡೋ ಹಾಗಿಲ್ಲ. ಫ್ರಾನ್ಸ್ ಪಶ್ಚಿಮ ತಾನೇ? ಇವನಿಗೆ ಹೇಳಿದ್ರೆ ನಗ್ತಾನೆ. ಅದಕ್ಕೆ ಇವತ್ತೇ ಪ್ರಸ್ಥಾನ ಇಟ್ಟೆ."

ಪ್ರಸ್ಥಾನವೆಂದರೆ ಶಾಂಭವಿಗೂ ಗೊತ್ತಿತ್ತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮುಂಚಿನ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣಿಕರ ಸಾಮಾನು ಒಂದನ್ನು ಅದೇ ದಿಕ್ಕಿನ ಬೇರೆ ಮನೆಯಲ್ಲಿ ಇಟ್ಟು ಬರುವುದು. ಸಾಮಾನು ಹೊರಟಿತೆಂದರೆ ಮನುಷ್ಯನೂ ಹೊರಟ ಲೆಕ್ಕ. ಒಮ್ಮೆ ಇಟ್ಟದ್ದನ್ನು ಮನೆಗೆ ವಾಪಸ್ ತರಬಾರದು. ಸಾಮಾನ್ಯವಾಗಿ ಒಂದು ಪಂಚೆಯನ್ನೋ ಹಿಡಿ ಅಕ್ಕಿಯನ್ನೋ ಇಡುತ್ತಾರೆ. ಶೇಷಮ್ಮ ಇಡೀ ಸೈಕಲ್ಲನ್ನೇ ಕಳಿಸಿದ್ದರು.

"ಯಾರ ಮನೇಲಿ?"

"ಹಲಸೂರಲ್ಲಿ, ಆನಂದ್ ಮನೇಲಿ. ಇವನ ಜೊತೆ ಫ್ಯಾಕ್ಟ್ರಿಲಿದ್ದ. ಏರ್‌ಪೋರ್ಟಿಗೆ ಅಲ್ಲಿಂದ್ಲೇ ತರ್ತೀನಿ ಅಂದಿದಾನೆ. ಪುಣ್ಯಾತ್ಮ."

ಪ್ರಕರಣ ಮುಗಿಯಿತೆಂದು ಎಲ್ಲರಿಗೂ ಅನಿಸಿತು. ಮಧುಕರ್ ತಾಯಿಯ ಮೇಲೆ ಕೂಗಾಡಿ, ಆಮೇಲೆ ತಾವೇ ನಕ್ಕರು. ಜೀಪಿನಲ್ಲಿ ಅವರನ್ನೂ ಕೂರಿಸಿಕೊಂಡು ಹನ್ನೆರಡೂವರೆಗೆ ಹಲಸೂರು ತಲುಪಿದರು.

ಕೆರೆಯ ಹಿಂದಿನ ಬೀದಿಯ ಮನೆಯಲ್ಲಿ ಆನಂದ್ ಒಬ್ಬರೇ. ಮದುವೆಯಾಗದವರು. ಪೊಲೀಸರನ್ನು ಕಂಡು ಗಾಬರಿಯಾದರೂ ಪೆಟ್ಟಿಗೆ ತೋರಿಸಿದರು. ವರಾಂಡದಲ್ಲೇ ಇತ್ತು.

"ತಗೊಂಡ್ಹೋಗೋ ಮಧು, ಅದಕ್ಕೇನಂತೆ."

"ತೆರೆದು ನೋಡಿ ಸಹಿ ಹಾಕಿ," ಎಂದಳು ಶಾಂಭವಿ.

"ಯಾಕೆ ಬಿಚ್ಚೋದು?" ಆನಂದ್ ಪೆಟ್ಟಿಗೆಗೆ ಅಡ್ಡ ಬಂದರು. "ಪ್ರಸ್ಥಾನದ ಸಾಮಾನು ಬಿಚ್ಚಬಾರ್ದು."

ಹುಲಿಗೆಪ್ಪ ಬಗ್ಗಿ ನೋಡಿದ. "ಸರ, ನೀವು ಯಾವ ಟೇಪ್ ಹಚ್ಚಿದ್ರಿ?"

"ಕಂದು ಬಣ್ಣದ್ದು," ಎಂದರು ಮಧುಕರ್.

ಪೆಟ್ಟಿಗೆಯ ಮೇಲಿದ್ದದ್ದು ಕೆಂಪು ಟೇಪು. ಬ್ಲೇಡಿನಲ್ಲಿ ಕತ್ತರಿಸಿ ತೆರೆದರು. ಒಳಗೆ ಸೈಕಲ್ಲೇನೋ ಇತ್ತು. ಆದರೆ ಮಧುಕರ್ ಅವರ ಹಸಿರು ಸೈಕಲ್ ಅಲ್ಲ, ನೀಲಿಯದು.

"ಇದು ನಿಂದಲ್ವೇನೋ?" ಎಂದರು ಮಧುಕರ್.

ಆನಂದ್ ಗೋಡೆ ನೋಡುತ್ತ ನಿಂತರು. ಶಾಂಭವಿಗೆ ಬೆಳಗಿನ ಗೊಂದಲ ಇಮ್ಮಡಿಯಾಯಿತು. ಕದಿಯುವವನು ಕದ್ದು ಹೋಗುತ್ತಾನೆ. ಕದ್ದ ಜಾಗದಲ್ಲಿ ತನ್ನ ಸೈಕಲ್ಲನ್ನೇ ಇಟ್ಟು ಹೋಗುವುದು ಯಾವ ಸೀಮೆಯ ಕಳವು? ಮಧುಕರ್ ಹೇಳಿದಂತೆ ಎರಡೂ ಒಂದೇ ಕಂಪನಿಯ, ಒಂದೇ ಅಳತೆಯ ಸೈಕಲ್. ನೀಲಿಯದು ಹೊಸದರಂತೆ ಹೊಳೆಯುತ್ತಿತ್ತು. ಲಾಭವಂತೂ ಎಲ್ಲೂ ಇಲ್ಲ.

ಆಟೊ ಮುತ್ತಣ್ಣನಿಗೆ ಫೋನ್ ಹೋಯಿತು. ಆನಂದ್ ಅವರನ್ನು ಪೆಟ್ಟಿಗೆ ಸಮೇತ ಶಿವಾಜಿನಗರಕ್ಕೆ ಕರೆದೊಯ್ದು ವಾಪಸ್ ಬಿಟ್ಟೆ ಎಂದ. ಎರಡು ಗಂಟೆಗೆ ಅಲ್ಲಿನ ಅಜ್ಮತ್‌ನ ಸೈಕಲ್ ಅಂಗಡಿಯಲ್ಲಿ, ಟ್ಯೂಬುಗಳ ಗೊಂಚಲಿನ ಹಿಂದೆ, ಹಸಿರು ಸೈಕಲ್ ಸಿಕ್ಕಿತು.

"ಕ್ಯಾ ಮೇಡಂ, ಕಳ್ಳ ಮಾಲಾ ಇದು?" ಅಜ್ಮತ್ ಕಂಗಾಲಾದ. "ಬೆಳಿಗ್ಗೆ ಆನಂದ್ ಸಾಬ್ ಬಂದು, ಇದನ್ನ ತೆಗೆದು ನಂದು ಪ್ಯಾಕ್ ಮಾಡು ಅಂದ್ರು. ಅವರ ಸೈಕಲ್ ಎರಡು ವರ್ಷದಿಂದ ನನ್ನತ್ರಾನೇ ನಿಂತಿತ್ತು. ತಿಂಗಳಿಗೊಂದು ಸಲ ಒರೆಸಿ ಆಯಿಲ್ ಬಿಟ್ಟು ಹೋಗ್ತಾರೆ, ಒಂದಿನಾನೂ ಓಡಿಸಲ್ಲ."

ಜಪ್ತಿ ಪಂಚನಾಮೆ ಮುಗಿಸಿ ಠಾಣೆಗೆ ಮರಳಿದರು. ಶಾಂಭವಿ ಆನಂದ್ ಎದುರು ಕುಳಿತಳು. ಮಧುಕರ್ ಬಾಗಿಲಲ್ಲಿ ಕೈಕಟ್ಟಿ ನಿಂತರು.

"ಎರಡು ವರ್ಷದಿಂದ ಯಾಕೆ ಓಡಿಸ್ಲಿಲ್ಲ?"

"ಕಣ್ಣು. ಗ್ಲಾಕೋಮಾ. ನೇರ ನೋಡಿದ್ದು ಕಾಣುತ್ತೆ, ಪಕ್ಕದ್ದು ಕಾಣಲ್ಲ. ಸೈಕಲ್ ಮುಟ್ಟಬೇಡಿ ಅಂದ್ರು ಡಾಕ್ಟ್ರು."

"ಪ್ರವಾಸದ ಪ್ಲಾನ್ ಯಾರದು?"

"ನಂದು." ಅವರು ಮೊದಲ ಬಾರಿಗೆ ತಲೆಯೆತ್ತಿದರು. "ಯಾವ ಊರಲ್ಲಿ ಹೊಳೆ ದಾಟ್ಬೇಕು, ಯಾವ ಅರಮನೆ ಸಂಜೆ ಬಿಸಿಲಲ್ಲಿ ನೋಡ್ಬೇಕು, ಎಲ್ಲಾ ನಾನೇ ಗೊತ್ತು ಮಾಡಿದ್ದು. ಹೊಳೆ ಮೇಲೇನೇ ಕಟ್ಟಿರೋ ಒಂದು ಅರಮನೆ ಇದೆ ಮೇಡಂ, ಕೆಳಗಡೆ ನೀರು ಹರೀತಿರುತ್ತೆ. ಕಣ್ಣು ಮುಚ್ಚಿದ್ರೆ ಕಾಣುತ್ತೆ ನಂಗೆ."

"ಸೈಕಲ್ ಯಾಕೆ ಬದಲಾಯಿಸಿದ್ರಿ?"

"ಬೆಳಿಗ್ಗೆ ಶೇಷಮ್ಮನವರು ಫೋನಲ್ಲಿ ಅಂದ್ರು, ಸಾಮಾನು ಹೋದ್ರೆ ಮನುಷ್ಯ ಹೋದ ಹಾಗೇ ಅಂತ. ಅವರು ಮಗನ ವಿಚಾರಕ್ಕೆ ಹೇಳಿದ್ದು. ನಾನು ನಂಗೇ ಹೇಳಿದ್ರು ಅಂದ್ಕೊಂಡೆ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಅಲ್ಲಿ ಹೋಗಿ ಬಿಚ್ಚಿದ ಮೇಲೆ ಬೈತಿದ್ದ. ಬೈಕೊಂಡಾದ್ರೂ ಅದನ್ನೇ ತುಳೀಬೇಕಿತ್ತಲ್ಲ."

ಶಾಂಭವಿ ಕೇಸ್ ಫೈಲ್ ಎಳೆದುಕೊಂಡಳು. ಕಾನೂನಿಗೆ ಆಸೆಯ ಲೆಕ್ಕವಿಲ್ಲ. ನಂಬಿ ಕೊಟ್ಟ ವಸ್ತುವನ್ನು ಬಚ್ಚಿಟ್ಟದ್ದು ನಂಬಿಕೆ ದ್ರೋಹ. ಆ ಕಲಂ ಸೇರಿತು. ಸಂಜೆ ನಾಲ್ಕಕ್ಕೆ ದಸ್ತಗಿರಿ. ಐದಕ್ಕೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಜಾಮೀನು ಸಿಗುವುದು ಕಷ್ಟವಿರಲಿಲ್ಲ.

"ನನ್ನ ಸೈಕಲ್ ಕೊಟ್ಬಿಡಿ ಮೇಡಂ," ಎಂದರು ಮಧುಕರ್. ಆನಂದ್ ಕಡೆ ನೋಡಲಿಲ್ಲ.

"ಅದೀಗ ಮುದ್ದೆಮಾಲು. ಕೋರ್ಟ್ ಆದೇಶ ಇಲ್ದೆ ಬಿಡೋ ಹಾಗಿಲ್ಲ. ಬೇಗ ಅಂದ್ರೂ ಸೋಮವಾರ."

"ನಾಳೆ ಫ್ಲೈಟು!"

"ಗೊತ್ತು ಸರ್. ನೀಲಿ ಸೈಕಲ್ ಮಾತ್ರ ಕಳವಾದ ಮಾಲಲ್ಲ, ಅದನ್ನ ನಾನು ಜಪ್ತಿ ಮಾಡಿಲ್ಲ. ಕೊಡೋದು ಬಿಡೋದು ಅದರ ಮಾಲೀಕರ ಇಷ್ಟ."

ಮಧುಕರ್ ಹಲ್ಲು ಕಚ್ಚಿ ಕಿಟಕಿಯತ್ತ ತಿರುಗಿದರು. ಹುಲಿಗೆಪ್ಪ ದಸ್ತಗಿರಿಯ ಕಾಗದ ತುಂಬುತ್ತ ಕೇಳಿದ, "ಸರ, ನಿಮ್ಮನ್ನ ಹಿಡದದ್ದು ಯಾರಿಗರ ತಿಳಿಸಬೇಕ್ರಿ. ಸಂಬಂಧಿಕ್ರು ಇಲ್ಲಾ ಸ್ನೇಹಿತ್ರು, ಒಬ್ಬರ ಹೆಸರು ಹೇಳ್ರಿ."

ಆನಂದ್ ಕಿಟಕಿಯತ್ತ ನೋಡಿದರು.

"ಮಧುಕರ್," ಎಂದರು.

ಹುಲಿಗೆಪ್ಪ ಗಲಿಬಿಲಿಗೊಂಡು ಮೇಡಂ ಮುಖ ನೋಡಿದ. ಫಿರ್ಯಾದಿಗೇ ತಿಳಿಸುವುದೇ? ಕೂಡದೆಂದು ಎಲ್ಲೂ ಬರೆದಿರಲಿಲ್ಲ. ಶಾಂಭವಿ ತಲೆಯಾಡಿಸಿದಳು. ಕಾಗದವನ್ನು ಮೇಜಿನ ಅಂಚಿಗೆ ತಳ್ಳಿ ಪೆನ್ನು ಇಟ್ಟಳು.

ಮಧುಕರ್ ಕಿಟಕಿ ಬಿಟ್ಟು ಬಂದರು. ಸಹಿ ಹಾಕಿದರು. ಹಾಕಿಯಾದ ಮೇಲೂ ಪೆನ್ನನ್ನು ಕೆಳಗಿಡಲಿಲ್ಲ.

"ಬ್ರೇಕ್ ಹೆಂಗಿದ್ಯೋ ನಿನ್ ಸೈಕಲ್ಲಿಂದು?" ಎಂದು ಕೇಳಿದರು.