ಹಿಮಮುಕ್ತಿಪುರದ ಕರುಗಲ್ಲು

ಗುರುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಲಾಸ್ ಆಲ್ಟೋಸ್ ಠಾಣೆಯ ಕೌಂಟರಿಗೆ ಬಂದ ರಘೋತ್ತಮ, ತಾವು ಸ್ಥಾಪಿಸಿದ ಊರಿನ ನಡುವಿನಿಂದ ಪ್ರತಿಮೆಯೊಂದು ಕಳವಾಗಿದೆ ಎಂದು ದೂರು ಕೊಟ್ಟರು. ಯಾವ ಊರು ಎಂದು ಕಾನ್‌ಸ್ಟೇಬಲ್ ಮೆಂಡೋಜಾ ಕೇಳಿದ. ಹಿಮಮುಕ್ತಿಪುರ ಎಂದರು. ಅದನ್ನು ಮೂರು ಬಗೆಯಲ್ಲಿ ಟೈಪ್ ಮಾಡಿ ನಕ್ಷೆಯಲ್ಲಿ ಹುಡುಕಿ ಸೋತ ಮೆಂಡೋಜಾ, ಒಳಗಿದ್ದ ಡಿಟೆಕ್ಟಿವ್ ನಿಸರ್ಗಾ ಜಯರಾಮಳನ್ನು ಕರೆದ. ಉದ್ದದ ಹೆಸರಿರುವ ದೂರುಗಳೆಲ್ಲ ಅವಳ ಪಾಲಿಗೇ ಬರುವುದು ಆ ಠಾಣೆಯ ವಾಡಿಕೆ.

"ಕನ್ನಡದವರಾ? ಸದ್ಯ," ಎಂದರು ರಘೋತ್ತಮ. "ಮೊದಲು ಎಫ್‌ಐಆರ್ ಹಾಕ್ಕೊಂಬಿಡಿ."

ಇಲ್ಲಿ ಅದಕ್ಕೆ ಘಟನಾ ವರದಿ ಎನ್ನುತ್ತಾರೆ. ನಿಸರ್ಗಾ ತಿದ್ದಲು ಹೋಗಲಿಲ್ಲ. ಮಂಡ್ಯದಿಂದ ಬಂದ ಅವಳ ಅಪ್ಪ ಜಯರಾಮ್ ಕೂಡ ಮೂವತ್ತು ವರ್ಷದಿಂದ ಎಫ್‌ಐಆರ್ ಎಂದೇ ಹೇಳುತ್ತಿದ್ದರು.

"ಊರು ಎಲ್ಲಿದೆ?"

"ನನ್ನ ಗ್ಯಾರೇಜಲ್ಲಿ."

"ಜನಸಂಖ್ಯೆ?"

"ಎರಡು ಸಾವಿರದ ನಾನೂರು. ಎಲ್ಲರೂ ಬಿಡುಗಡೆಯಾದ ಗುಲಾಮರು."

ನಿಸರ್ಗಾ ಪೆನ್ನು ಕೆಳಗಿಟ್ಟಳು.

"ಪ್ಲಾಸ್ಟಿಕ್ಕು," ಎಂದು ರಘೋತ್ತಮ ಸೇರಿಸಿದರು.

ಹನ್ನೊಂದೂವರೆಗೆ ಪಂಚನಾಮೆ. ರಘೋತ್ತಮರ ಎರಡೂ ಕಾರುಗಳು ರಸ್ತೆಯಲ್ಲಿ ಬಿಸಿಲಿಗೆ ನಿಂತಿದ್ದವು. ಗ್ಯಾರೇಜನ್ನು ಗುಲಾಮರಿಗೆ ಬಿಟ್ಟುಕೊಡಲಾಗಿತ್ತು. ಪಿಂಗ್‌ಪಾಂಗ್ ಟೇಬಲ್ಲಿನ ಎರಡರಷ್ಟು ದೊಡ್ಡ ಹಲಗೆಯ ಮೇಲೆ ಹೆಪ್ಪುಗಟ್ಟಿದ ಸಮುದ್ರ, ಅದರ ದಡದಲ್ಲಿ ಗುಡಿಸಲು, ಕಮ್ಮಾರಸಾಲೆ, ತುಂಡಾದ ಸರಪಳಿಯ ಬೇಲಿ. ಹಿಮದ ವಾತಾವರಣ ಬರಲೆಂದು ಏಸಿಯನ್ನು ಎಷ್ಟು ಕೆಳಗಿಟ್ಟಿದ್ದರೆಂದರೆ, ಮೆಂಡೋಜಾ ಸೀನಿದ. ಇಲ್ಲಿ ಪ್ರತಿ ಶುಕ್ರವಾರ ಸಂಜೆ ರಘೋತ್ತಮರ ಆಫೀಸಿನ ನಾಲ್ಕೈದು ಎಂಜಿನಿಯರುಗಳು ಉಣ್ಣೆಯ ಟೋಪಿ ಹಾಕಿಕೊಂಡು ಕೂತು, ದಾಳ ಉರುಳಿಸಿ, ಆಟದ ಗುಲಾಮರಾಗಿ ಹಸಿವೆಯಿಂದ ಸಾಯುತ್ತಿದ್ದರು. ನಡುನಡುವೆ ಪನೀರ್ ಟಿಕ್ಕಾ ಬರುತ್ತಿತ್ತು.

"ಇದು ಬರೀ ಆಟ ಅಲ್ಲ," ಎಂದರು ರಘೋತ್ತಮ. "ಸೋಮವಾರ ಲಾಸ್ ಗ್ಯಾಟೋಸಿನ ಸ್ಟ್ರೀಮಿಂಗ್ ಕಂಪನಿಯವರು ನೋಡೋಕೆ ಬರ್ತಿದಾರೆ. ಸೀರೀಸ್ ಮಾಡೋ ಮಾತು. ಈ ಟೈಮಲ್ಲಿ ಊರಿನ ಹಾರ್ಟನ್ನೇ ಕಿತ್ಕೊಂಡು ಹೋಗಿದಾರೆ."

"ಪ್ರತಿಮೆ ಯಾರದು?"

"ಕರುಣಾಳು ಒಡೆಯನದು. ಅವನೇ ಗುಲಾಮರನ್ನ ಬಿಡಿಸಿ ಹಿಮದ ದಾರಿ ತೋರಿಸಿದ್ದು. ಕಂಚು. ನಾಲ್ಕು ಸಾವಿರ ಡಾಲರು."

ಫೋಟೋ ತೋರಿಸಿದರು. ಗೇಣುದ್ದದ ಆಸಾಮಿ. ರುಮಾಲು, ನಿಲುವಂಗಿ, ಎತ್ತಿದ ಕೈ. ಮುಖ ಮಾತ್ರ ದೂರುದಾರರದೇ. ಗಲ್ಲವನ್ನು ಶಿಲ್ಪಿ ಒಂದಿಷ್ಟು ಗಟ್ಟಿ ಮಾಡಿದ್ದ.

"ಶಿಲ್ಪಿಗೆ ರೆಫರೆನ್ಸ್ ಬೇಕಿತ್ತು, ಅದಕ್ಕೆ," ಎಂದರು ರಘೋತ್ತಮ.

ನಾಲ್ಕು ಸಾವಿರವೆಂದರೆ ಈ ರಾಜ್ಯದಲ್ಲಿ ದೊಡ್ಡ ಕಳವಿನ ಲೆಕ್ಕ. ನಿಸರ್ಗಾ ಪೀಠದ ಹತ್ತಿರ ಬಗ್ಗಿದಳು. ಇಂಗ್ಲಿಷ್ ಬರಹ ಕೆತ್ತಿದ್ದ ಆ ಪೀಠ ಬರಿದಾಗಿರಲಿಲ್ಲ. ಹೆಬ್ಬೆರಳಿನಷ್ಟು ಉದ್ದದ ಒಂದು ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಹಿಟ್ಟು ಮೆತ್ತಲಾಗಿತ್ತು. ನೆತ್ತಿಯ ಮೇಲೆ ಚಿಟಿಕೆ ಅರಿಸಿನ, ಚಿಟಿಕೆ ಕುಂಕುಮ.

"ಇದು ನಿಮ್ಮದಾ?"

"ಛೆ, ಕಸ. ಅವಮಾನ ಮಾಡೋಕೆ ಇಟ್ಟಿದಾರೆ."

ಬಾಗಿಲ ಬೀಗ ಮುರಿದಿರಲಿಲ್ಲ. ಕ್ಯಾಮೆರಾ ಮನೆಯ ಹೊರಗೆ ಮಾತ್ರ; ಸೃಷ್ಟಿ ಲೀಕಾದೀತೆಂದು ಗ್ಯಾರೇಜಿನೊಳಗೆ ಇಟ್ಟಿರಲಿಲ್ಲ.

"ಕೊನೆಗೆ ಪ್ರತಿಮೆ ನೋಡಿದ್ದು?"

"ಬುಧವಾರ ಬೆಳಿಗ್ಗೆ, ಆಫೀಸಿಗೆ ಹೋಗೋ ಮುಂಚೆ."

"ಬುಧವಾರ ಮನೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಶುಕ್ರವಾರದವರ ಮೇಲೇ. ಹೊಟ್ಟೆಕಿಚ್ಚು. ನನಗೆ ವಿಷನ್ ಇದೆ, ಅವರಿಗೆ ಇಲ್ಲ."

ಕಲ್ಲನ್ನು ಚೀಲಕ್ಕೆ ಹಾಕಿ ಸೀಲು ಮಾಡಿದರು. ಆಸ್ತಿ ವಿವರದಲ್ಲಿ ಮೆಂಡೋಜಾ 'ಜಲ್ಲಿಕಲ್ಲು, ಒಂದು' ಎಂದು ಬರೆದ.

ಮಧ್ಯಾಹ್ನ ಒಂದೂ ಕಾಲಿಗೆ ಆಫೀಸಿನ ಕೆಫೆಟೇರಿಯಾದಲ್ಲಿ ಅನುರಾಗನ ವಿಚಾರಣೆಯಾಯಿತು. ಹಿಮಮುಕ್ತಿಪುರದಲ್ಲಿ ಅವನು ಒಕ್ಕಣ್ಣಿನ ಕಮ್ಮಾರ. ಇಲ್ಲಿ ಪ್ರಾಡಕ್ಟ್ ಮ್ಯಾನೇಜರ್.

"ನಾನಂತೂ ಮುಟ್ಟಿಲ್ಲ ಮೇಡಂ. ಬುಧವಾರ ಎಲ್ಲರೂ ಇಲ್ಲೇ ಇದ್ವಿ, ಫುಲ್ ಡೇ ರಿವ್ಯೂ. ರಘು ಸರ್ರೇ ಎಲ್ಲರನ್ನೂ ರೋಸ್ಟ್ ಮಾಡ್ತಿದ್ರು."

ಬ್ಯಾಡ್ಜಿನ ದಾಖಲೆಯೂ ಅದನ್ನೇ ಹೇಳಿತು. ಶುಕ್ರವಾರದ ಐವರಲ್ಲಿ ಒಬ್ಬನೂ ಸಂಜೆ ಆರರ ತನಕ ಕಟ್ಟಡ ಬಿಟ್ಟಿರಲಿಲ್ಲ.

"ಈ ಊರಿನ ಕತೆ ಯಾರದು?"

"ರಘು ಸರ್ ಅವರದು." ಅನುರಾಗ್ ಸುತ್ತ ನೋಡಿದ. "ಅಂದ್ರೆ, ಬೇಸಿಕ್ಕಾಗಿ ನಮ್ಮ ಟೀಮಿನ ಗುರುಕಿರಣ್‌ದು. ಅವರ ತಾತ ಜೀತದಲ್ಲಿದ್ರಂತೆ. ಹನ್ನೊಂದು ಮನೆಯವರು ಎದ್ದು ಹೋಗಿ ಊರು ಕಟ್ಟಿದ್ರಂತೆ. ಒಂದಿನ ಟೇಬಲ್ಲಲ್ಲಿ ಹೇಳ್ದ. ಸರ್‌ಗೆ ಸಖತ್ ಇಷ್ಟ ಆಯ್ತು. ಮಂಡ್ಯ ಅಂದ್ರೆ ಯಾರೂ ನೋಡಲ್ಲ, ಸ್ನೋ ಹಾಕೋಣ ಅಂದ್ರು."

"ಕರುಣಾಳು ಒಡೆಯ?"

"ಅದು ಸೀಸನ್ ಟೂ. ಸರ್ ಆಮೇಲೆ ಸೇರಿಸಿದ್ದು."

"ಗುರುಕಿರಣ್ ಏನಂದ್ರು?"

"ಏನಂತಾನೆ? ಅವನ ಪ್ರಮೋಷನ್ ಸರ್ ಕೈಲಿದೆ. ತಂಬ್ಸ್ ಅಪ್ ಹಾಕ್ದ."

ಕಾರಿಗೆ ಬಂದು ನಿಸರ್ಗಾ ಅಪ್ಪನಿಗೆ ಕಲ್ಲಿನ ಚಿತ್ರ ಕಳಿಸಿದಳು. ಜಯರಾಮ್ ತಕ್ಷಣ ಫೋನ್ ಮಾಡಿದರು.

"ಎಲ್ಲಿ ಸಿಕ್ತಮ್ಮ ಇದು? ಕರುಗಲ್ಲು ಕಣೆ. ಹೊಸದಾಗಿ ಊರು ಕಟ್ಟಿದ್ರೆ ನಡುಮಧ್ಯೆ ಮೊದಲು ಅದನ್ನ ನೆಡ್ತಾರೆ. ಆಮೇಲೇ ಗುಡಿಸ್ಲು, ಬಾವಿ ಎಲ್ಲ. ಕಲ್ಲಿಲ್ದೆ ಇದ್ರೆ ಅದು ಊರೇ ಅಲ್ಲ, ಬರೀ ಮನೆಗಳು."

"ಇಲ್ಲಿ ಯಾರಪ್ಪ ಹಂಗೆ ಮಾಡೋರು?"

"ಊರು ಕಟ್ಟಿದೋರ ಮಕ್ಕಳು ಮಾಡ್ತಾರೆ. ಕದಿಯೋ ನನ್ಮಗ ಮಾಡ್ತಾನಾ?"

ಇಲ್ಲಿ ಎರಡೂ ಒಬ್ಬರದೇ ಕೆಲಸವೆಂದು ನಿಸರ್ಗಾಗೆ ಅನ್ನಿಸಿತು. ರಘೋತ್ತಮರ ಹೆಂಡತಿ ಸಂಯುಕ್ತಾಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದಳು: ಬುಧವಾರ ಮನೇಲಿ ಯಾರಿದ್ದರು?

"ಕೆಂಪಮ್ಮ ಇದ್ರಲ್ಲ. ಬುಧವಾರ ನಮ್ಮ ಮಗಳು ಮಾನ್ಯಾನ ಅವರೇ ನೋಡ್ಕೊಳೋದು. ಗುರುಕಿರಣ್ ಅವರ ತಾಯಿ."

"ನಿಮ್ಮ ಯಜಮಾನರು ಯಾರೂ ಇರ್ಲಿಲ್ಲ ಅಂದ್ರು."

"ಅವರ ಲೆಕ್ಕದಲ್ಲಿ ಯಾರೂ ಇರ್ಲಿಲ್ಲ. ನಾನಿದ್ರೂ ಹಾಗೇ ಹೇಳ್ತಾರೆ, ಬೇಜಾರು ಮಾಡ್ಕೋಬೇಡಿ."

ಸಂಜೆ ನಾಲ್ಕೂ ಐವತ್ತಕ್ಕೆ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನ ಬಾಗಿಲು ತೆರೆದವನು ಗುರುಕಿರಣನೇ. ವಿಚಾರಣೆಯ ಸುದ್ದಿ ಅವನಿಗೆ ಮುಟ್ಟಿತ್ತು. ಒಳಗೆ ಕಾಲಿಡುವ ಮೊದಲೇ ಹೇಳಿದ: "ನಾನೇ ತಗೊಂಡಿದ್ದು."

"ಹೆಂಗೆ? ರಿವ್ಯೂ ಮಧ್ಯೆ ಎದ್ದು ಬಂದ್ರಾ? ರಘೋತ್ತಮ್ ಬಿಟ್ರಾ?"

ಹಿಂದಿನಿಂದ ಸ್ವೆಟರು ಹಾಕಿಕೊಂಡ ಹೆಂಗಸು ಬಂದರು. ಅರವತ್ತೆಂಟರ ಆಜುಬಾಜು, ನೇರ ಬೆನ್ನು.

"ಅವ್ನಿಗೆ ಸುಳ್ಳೇಳಾಕೂ ಬರಲ್ಲ. ಬಾರವ್ವ ಒಳಿಕ್ಕೆ. ನಿಂದು ಯಾವೂರು?"

"ಯೂನಿಯನ್ ಸಿಟಿನೇ ಅಜ್ಜಿ. ಅಪ್ಪಂದು ಮಂಡ್ಯ."

"ಅಂಗಾದ್ರೆ ಕಲ್ಲು ನೋಡಿರ್ಬೇಕು ನೀನು."

"ಪ್ರತಿಮೆ ಎಲ್ಲಿ?"

ಕೆಂಪಮ್ಮ ಫ್ರೀಜರಿನತ್ತ ಗಲ್ಲ ಎತ್ತಿದರು. ಮೆಂಡೋಜಾ ಹಿತಕಿದ ಅವರೆಕಾಳಿನ ಪೊಟ್ಟಣ, ತೆಂಗಿನತುರಿಯ ಡಬ್ಬಿ ಸರಿಸಿ, ಅದರ ಹಿಂದಿನಿಂದ ಒಂದು ಸ್ಟೀಲಿನ ಕ್ಯಾರಿಯರು ಡಬ್ಬಿ ಹೊರತೆಗೆದ. ಅದರ ತುಂಬ ಮಂಜುಗಡ್ಡೆ. ಮಂಜಿನೊಳಗೆ ಕತ್ತಿನ ತನಕ ಮುಳುಗಿ, ಎತ್ತಿದ ಕೈಯ ಬೆರಳುಗಳನ್ನು ಹೊರಚಾಚಿ, ಕರುಣಾಳು ಒಡೆಯ ನಿಂತಿದ್ದ. ಮೆಂಡೋಜಾ ಗೋಡೆಯ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

"ಫ್ರೀಜರಲ್ಲಿ ಯಾಕೆ?"

"ಚಳೀಲಿ ನಡೆದೋರು ಆ ಊರ ಜನ. ಇವನು ಆಮ್ಯಾಕೆ ಬಂದು ನಿಂತ್ಕಂಡ. ಚಳಿ ಅಂದ್ರೇನು ಅಂತ ತಿಳ್ಕಳ್ಲಿ ಅಂತ."

"ಅಲ್ಲಿ ಕೆಲಸಕ್ಕೆ ಹೋಗ್ತಿದ್ರಾ?"

"ಕೆಲಸ ಅಲ್ಲ," ಎಂದ ಗುರುಕಿರಣ್. "ಫ್ಯಾಮಿಲಿ ಥರ. ಅಮ್ಮ ಮನೇಲಿ ಸುಮ್ನೆ ಇರ್ತಾರಲ್ಲ, ಕಳಿಸು, ಮಾನ್ಯಾ ಕನ್ನಡ ಕಲೀತಾಳೆ ಅಂದ್ರು ಸರ್."

"ಸಂಬಳ?"

ಗುರುಕಿರಣ್ ಕಾರ್ಪೆಟ್ಟು ನೋಡಿದ. ವರದಿಯ ಆ ಜಾಗದಲ್ಲಿ ನಿಸರ್ಗಾ ಒಂದು ಗೆರೆ ಎಳೆದಳು.

ಮಾಲು ಸಿಕ್ಕಿದ್ದನ್ನು ದೂರುದಾರರಿಗೆ ತಿಳಿಸಬೇಕಿತ್ತು. ಫೋನನ್ನು ಸ್ಪೀಕರಿಗೆ ಹಾಕಿದಳು.

"ಕೆಂಪಮ್ಮನಾ!" ರಘೋತ್ತಮರ ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. ಕುರ್ಚಿಯೊಂದು ಎದ್ದು ಓಡಾಡಿತೆಂದು ಕೇಳಿದವರ ಹಾಗೆ. ಬಳಿಕ ದನಿ ಮೆತ್ತಗಾಯಿತು. "ನೋಡಿ, ಪಾಪ, ಅವರ ಮೇಲೆ ಕೇಸಾದ್ರೆ ಗ್ರೀನ್ ಕಾರ್ಡೇ ಹೋಗ್ಬಹುದು. ಮಗನ್ನ ಬಿಟ್ಟು ವಾಪಸ್ ಹೋಗ್ಬೇಕಾಗುತ್ತೆ. ನನಗೂ ಮನಸ್ಸಿದೆ. ನಾಳೆ ಶುಕ್ರವಾರ ಎಲ್ಲರೂ ಬಂದಿರ್ತಾರೆ. ಬಂದು ಒಂದು ಸಾರಿ ತಪ್ಪಾಯ್ತು ಅನ್ಲಿ, ಪ್ರತಿಮೆನ ಅವರ ಕೈಲೇ ಇಡಿಸೋಣ. ಚಿಕ್ಕ ಸೆರೆಮನಿ ಥರ. ವಿಡಿಯೋ ಚೆನ್ನಾಗಿ ಬರುತ್ತೆ. ದೂರು ವಾಪಸ್ ತಗೊಂಡು ನಾನೇ ಅವರನ್ನ ಬಿಡಿಸ್ತೀನಿ."

ಗುರುಕಿರಣ್ ತಾಯಿಯ ಮೊಣಕಾಲ ಬಳಿ ಕೂತ. "ಅಮ್ಮ, ಒಂದೇ ಮಾತು. ಹೇಳ್ಬಿಡು. ಮುಗೀತು."

ನಿಸರ್ಗಾಗೂ ಆಕೆ ಹೇಳಿಬಿಡಲಿ ಎನ್ನಿಸಿತು. ದೂರುದಾರ ದೂರು ಕೈಬಿಟ್ಟರೆ ಇಂಥ ಕೇಸು ಅಲ್ಲಿಗೇ ಸಾಯುತ್ತದೆ. ಐದು ನಿಮಿಷದ ಕೆಲಸ. ಹಾಗೆನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಏನಂದ ಅವನು?" ಎಂದು ಕೆಂಪಮ್ಮ ಕೇಳಿದರು. "ಬುಡುಸ್ತಾನಂತಾ?"

"ಹೌದಮ್ಮ. ಬಿಡಿಸ್ತಾರಂತೆ."

ಕೆಂಪಮ್ಮ ಎದ್ದು ಸ್ವೆಟರಿನ ಗುಂಡಿ ಹಾಕಿಕೊಂಡರು. "ನಡಿಯವ್ವ."

ಐದೂ ಮೂವತ್ತೈದಕ್ಕೆ ಬಂಧನ. ಕಾನೂನಿನ ಮಾತುಗಳನ್ನು ನಿಸರ್ಗಾ ತನ್ನ ಹರಕುಮುರುಕು ಕನ್ನಡದಲ್ಲಿ ಓದಿದಳು: "ನಿಮಗೆ ಸುಮ್ಮನಿರೋ ಹಕ್ಕಿದೆ."

"ಅದು ನನ್ನ ಮಗನ ತಾವ ಐತೆ," ಎಂದರು ಕೆಂಪಮ್ಮ. "ಅವನಿಗೇ ಇರ್ಲಿ. ನಾನು ಯೋಳ್ತೀನಿ, ಬರ್ಕೋ."

ಬೇಡಿ ಹಾಕಬೇಕೇ ಎಂದು ಮೆಂಡೋಜಾ ಕಣ್ಣಲ್ಲೇ ಕೇಳಿದ. ನಿಸರ್ಗಾ ತಲೆಯಾಡಿಸಿ ಬೇಡವೆಂದಳು. ಮೇಜಿನ ಮೇಲೆ ಗುರುಕಿರಣನ ಫೋನು ಹೊಡೆದುಕೊಳ್ಳತೊಡಗಿತು. ತೆರೆಯ ಮೇಲೆ 'ರಘು ಸರ್'. ಅವನು ಅದನ್ನು ನೋಡಿದ. ಅದು ನಿಲ್ಲುವ ತನಕ ನೋಡಿ, ಅಲ್ಲೇ ಬಿಟ್ಟು, ಅಮ್ಮನ ಚಪ್ಪಲಿ ಎತ್ತಿಕೊಂಡು ಕಾರಿನ ತನಕ ಬಂದ.

ಸಾಕ್ಷ್ಯವಾಗಿ ಪ್ರತಿಮೆ ಠಾಣೆಯಲ್ಲೇ ಉಳಿಯಿತು. ಕರಗಿದ ನೀರನ್ನು ಮೆಂಡೋಜಾ ಸಿಂಕಿಗೆ ಸುರಿದ. ಸೋಮವಾರ ಸ್ಟ್ರೀಮಿಂಗಿನವರು ಬಂದು, ಬರಿದಾದ ಪೀಠದ ಮುಂದೆ ತುಂಬ ಹೊತ್ತು ನಿಂತು, ಒಡೆಯನೇ ಇಲ್ಲದ ಈ ಕಲ್ಪನೆ ಬಹಳ ಧೈರ್ಯದ್ದು ಎಂದು ಮೆಚ್ಚಿದರಂತೆ. ಅದು ಮೊದಲಿನಿಂದಲೂ ತಮ್ಮದೇ ಐಡಿಯಾ ಎಂದು ರಘೋತ್ತಮ ಹೇಳಿದರಂತೆ. ಇದನ್ನು ಫೋನಿನಲ್ಲಿ ತಿಳಿಸಿದ ಸಂಯುಕ್ತಾ ನಗುತ್ತಿರಲಿಲ್ಲ. ದೂರನ್ನಂತೂ ರಘೋತ್ತಮ ಹಿಂತೆಗೆದುಕೊಳ್ಳಲಿಲ್ಲ.

ವರದಿಯಲ್ಲಿ 'ಜಲ್ಲಿಕಲ್ಲು' ಎಂದಿದ್ದುದನ್ನು ಹೊಡೆದು, ನಿಸರ್ಗಾ 'ಕರುಗಲ್ಲು, ಆರೋಪಿಗೆ ಸೇರಿದ್ದು, ಹಿಂದಿರುಗಿಸತಕ್ಕದ್ದು' ಎಂದು ಬರೆದಳು. ಕೃತ್ಯದ ಕಾರಣ ಎಂಬಲ್ಲಿ ಕೆಂಪಮ್ಮನ ಹೇಳಿಕೆಯನ್ನು ಅವರು ಹೇಳಿದಂತೆಯೇ ಇಳಿಸಿದಳು:

"ಆ ಮಗ, ಮಾನ್ಯಾ, ಪೀಠದ ಮ್ಯಾಲಿನ ಇಂಗ್ಲೀಷು ಓದಿ, ಅಜ್ಜಿ, ಇವನೇ ಇವರನ್ನೆಲ್ಲ ಬುಡುಸಿದ್ದು ಅಂತು. ಎಂಟು ವರ್ಸದ ಮಗ, ನಂಬ್ಕಂಡ್‌ಬುಟ್ಟೈತೆ. ನಮ್ಮಪ್ಪನ್ನ ಯಾವನೂ ಬುಡುಸ್ಲಿಲ್ಲ ಕಣವ್ವ. ಅವನೇ ಎದ್ದು ಬಂದ."